ನದಿಯ ಸೈರನ್, ಕಪ್ಪು ಪರದೆ

ಕಾಗದನಗರದ ನಮ್ಮ ಕ್ವಾರ್ಟರ್ಸಿನ ಸುತ್ತ ನೆಟ್‌ವರ್ಕ್ ಒಂದು ಕಡ್ಡಿ ದಾಟುವುದು ಅಪರೂಪ. ಹಾಗಾಗಿ ಶಂಕರಘಟ್ಟದ ಹಾಸ್ಟೆಲಿನಲ್ಲಿ ಕಲಿತ ಅಭ್ಯಾಸ ಇನ್ನೂ ಉಳಿದಿದೆ: ಫೋನಿನಲ್ಲಿ ಟರ್ಮಿನಲ್ ತೆರೆದು, ಅಕ್ಷರಗಳನ್ನಷ್ಟೇ ತೋರಿಸುವ ಬ್ರೌಸರಿನಲ್ಲಿ ವೆಬ್ ಪುಟ ಓದುವುದು. ಕಪ್ಪು ಪರದೆ, ಬಿಳಿ ಸಾಲುಗಳು. ಚಿತ್ರವಿರಬೇಕಾದ ಕಡೆ 'ಚಿತ್ರ' ಎಂಬ ಪದ ಮಾತ್ರ.

ಆ ಮಧ್ಯಾಹ್ನ ಪಕ್ಕದ ಮನೆಯ ಚಾಚಿಯ ಜೊತೆ ಭದ್ರಾ ನದಿಗೆ ಹೋಗಿದ್ದೆ. ಮಗಳ ನಿಕಾಹ್‌ಗೆ ಶಿವಮೊಗ್ಗದಿಂದ ಬರುವ ನೆಂಟರಿಗೆ ಹಾಸಲು ಅವರ ಅತ್ತೆಯ ಕಾಲದ ಜಮಖಾನ ಒಗೆಯಬೇಕಿತ್ತು. ನೀರು ಕಡಿಮೆಯಿತ್ತು. ಚಾಚಿ ಜಮಖಾನ ಹೊತ್ತು ಕಲ್ಲಿನಿಂದ ಕಲ್ಲಿಗೆ ಕಾಲಿಡುತ್ತಾ ನಡುವಿನ ಬಂಡೆಗೆ ಹೋಗಿ ಕೂತರು. ನಾನು ದಡದ ಮೆಟ್ಟಿಲ ಮೇಲೆ ಒದ್ದೆ ಚಾದರ ಹರವಿ ಫೋನ್ ತೆಗೆದೆ.

"ಏನ್ ಬೇಟಿ, ನಿನ್ ಫೋನಲ್ಲಿ ಯಾವಾಗ್ಲೂ ಕರೆಂಟ್ ಹೋಗಿರುತ್ತಾ?"

"ಇದ್ರಲ್ಲಿ ಬೇಗ ಬರುತ್ತೆ ಚಾಚಿ."

"ಬೇಗ ಏನ್ ಬರುತ್ತೆ? ನಮ್ ಅಳಿಯನ ಫೋಟೋನೇ ಬರಲ್ಲ!"

ಆಗ ಸೈರನ್ ಕೂಗಿತು. ಇಬ್ಬರೂ ಬೆಚ್ಚಲಿಲ್ಲ. ಕಾರ್ಖಾನೆಗಳ ನಡುವೆ ಬದುಕಿದ ನಮಗೆ ಸೈರನ್ ಎಂದರೆ ಪಾಳಿ ಬದಲಾಗುವ ಹೊತ್ತು, ಅಷ್ಟೆ.

"ಎರಡು ಗಂಟೆ ಆಯ್ತು ನೋಡು," ಎಂದರು ಚಾಚಿ.

ಫೋನಿನ ಮೂಲೆಯಲ್ಲಿ ಮೂರು ದಾಟಿತ್ತು. ಕಾರ್ಖಾನೆ ಮುಚ್ಚಿ, ನಮ್ಮ ಕಡೆ ಪಾಳಿಯ ಸೈರನ್ ಕೇಳಿಯೇ ವರ್ಷಗಳಾಗಿದ್ದವು ಎಂಬುದು ಆಗ ಹೊಳೆಯಿತು. ನದಿಗೆ ನೀರು ಬಿಟ್ಟಾಗ ಕೂಗಿಸುವುದೂ ಸೈರನ್ನೇ.

ಅಣೆಕಟ್ಟೆಯ ನೀರಿನ ಲೆಕ್ಕ ತೋರಿಸುವ ಪುಟ ತೆರೆದೆ. ಮುಖಪುಟ. ನಮ್ಮ ಬಗ್ಗೆ. ಚಿತ್ರ. ಚಿತ್ರ. ಚಿತ್ರ. ಕುಕೀಗಳಿಗೆ ಒಪ್ಪಿಗೆ ನೀಡಿ. ಅಲ್ಲಿಗೆ ನಿಂತಿತು. ಫೋನನ್ನು ತಲೆಯ ಮೇಲೆ ಎತ್ತಿ ಹಿಡಿದೆ. ಒಳಹರಿವು ಎಂಬ ಸಾಲು ಬಂತು. ಆಮೇಲೆ ಹೊರಹರಿವು. ನಿನ್ನೆ ನೋಡಿದ್ದ ಅಂಕಿಗೆ ಇನ್ನೊಂದು ಸೊನ್ನೆ ಸೇರಿತ್ತು. ಬೆಳಿಗ್ಗೆಯೇ ಬಿಟ್ಟ ನೀರು, ಇಲ್ಲಿಗೆ ತಲುಪುವ ಹೊತ್ತಾಗಿತ್ತು.

"ಚಾಚಿ, ಎದ್ದು ಬನ್ನಿ! ಡ್ಯಾಮ್ ನೀರು ಬಿಟ್ಟಿದ್ದಾರೆ!"

"ಒಂದ್ ಮೂಲೆ ಉಳಿದಿದೆ, ಇರು ಮಾರಾಯ್ತಿ."

ಅವರು ಕಾಲಿಟ್ಟು ದಾಟಿದ್ದ ಕಲ್ಲುಗಳು ಆಗಲೇ ಕಾಣುತ್ತಿರಲಿಲ್ಲ. ನೀರು ಕೆಂಪಗಾಗಿತ್ತು. ನಾನು ಮೊಣಕಾಲುದ್ದ ಇಳಿದು ಚಾದರದ ಒಂದು ತುದಿ ಎಸೆದೆ. ಎರಡನೇ ಸಲ ಚಾಚಿಯ ಕೈಗೆ ಸಿಕ್ಕಿತು. ಆದರೆ ಇನ್ನೊಂದು ಕೈಯಲ್ಲಿ ಜಮಖಾನವಿತ್ತು. ಅದು ನೀರಿನ ಮೇಲೆ ಬಿಚ್ಚಿಕೊಂಡು ಅವರನ್ನೇ ಎಳೆಯತೊಡಗಿತು.

"ಬಿಡಿ ಅದನ್ನ!"

"ಅತ್ತೆದು ಕಣೇ, ಹೆಂಗ್ ಬಿಡ್ಲಿ?"

"ಮಗಳ ನಿಕಾಹ್‌ಗೆ ಜಮಖಾನ ಇರ್ಬೇಕೋ, ನೀವಿರ್ಬೇಕೋ?"

ಬಿಟ್ಟರು. ಅದು ತಿರುಗುತ್ತಾ ಹೋಯಿತು. ನಾನು ಎಳೆದೆ; ಚಾದರ ನನ್ನ ಅಂಗೈಯನ್ನು ಕೊಯ್ಯುತ್ತಿತ್ತು. ಚಾಚಿ ಮೆಟ್ಟಿಲಿಗೆ ಬಿದ್ದಾಗ ಹಿಂತಿರುಗಿ ನೋಡಿದೆ. ಬಂಡೆ ಇರಲಿಲ್ಲ.

ನಿಕಾಹ್ ಎರವಲು ಚಾಪೆಗಳ ಮೇಲೆ ನಡೆಯಿತು. ಆದರೆ ನನ್ನ ತಲೆಯಲ್ಲಿ ಆ ಪುಟ ಒಮ್ಮೊಮ್ಮೆ ಕುಕೀಯ ಸಾಲಿನಲ್ಲೇ ನಿಂತುಬಿಡುತ್ತದೆ, ಮುಂದಕ್ಕೆ ಬರುವುದೇ ಇಲ್ಲ.

ಈಗ ಎಲ್ಲೇ ಸೈರನ್ ಕೂಗಿದರೂ ಕಾಂಪೌಂಡಿನ ಆಚೆಯಿಂದ ಚಾಚಿಯ ದನಿ ಕೇಳುತ್ತದೆ: "ಬೇಟಿ, ಏನಂತೆ?" ತೆರೆಯುತ್ತೇನೆ. ಚಿತ್ರ, ಚಿತ್ರ, ಚಿತ್ರ. ಹೊರಹರಿವಿನ ಸಾಲು ಬರುವ ತನಕ ಅವರೂ ಗೋಡೆ ಬಿಟ್ಟು ಕದಲುವುದಿಲ್ಲ, ನನ್ನ ಮುಷ್ಟಿಯೂ ಬಿಚ್ಚುವುದಿಲ್ಲ.