ಹಳೆಯ ತಾರೀಕು

ಲೂಸಿ ಬಾಯಿಯ ಅಡುಗೆಮನೆಯ ಶೇಂದಿ ವಿನೆಗರಿನಲ್ಲಿ ಬ್ರಷ್ ಅದ್ದಿ ಕಂಪ್ಯೂಟರಿನ ಬೋರ್ಡು ಉಜ್ಜುತ್ತಿದ್ದೆ. ಒಳಗಿನ ಬ್ಯಾಟರಿ ಸೋರಿ, ಹಸಿರು ಕಿಲುಬು ಹಿಡಿದು, ಅದು ಸ್ಟಾರ್ಟ್ ಆಗುತ್ತಿರಲಿಲ್ಲ. ಆ ಕಿಲುಬಿಗೆ ಹುಳಿಯೇ ಮದ್ದು.

“ಹಂದಿ ಮಾಂಸಕ್ಕೆ ಹಾಕುವುದನ್ನು ಇದಕ್ಕೂ ಹಾಕ್ತಾರಾ ಮಾರಾಯ?” ಎಂದು ಬಾಯಿ ನಕ್ಕರು.

ಅವರ ಗಂಡ ಸೀತಾಂಗೋಳಿಯಲ್ಲಿ ಟೈಪಿಂಗ್ ಅಂಗಡಿ ನಡೆಸುತ್ತಿದ್ದಾಗ ಬಳಸಿದ ಕಂಪ್ಯೂಟರ್ ಅದು. ಅವರು ತೀರಿಹೋದ ಮೇಲೆ ಯಾರೂ ಮುಟ್ಟಿರಲಿಲ್ಲ. ಒಮ್ಮೆ ಅದರ ಬೆಳಕು ನೋಡಿದರೆ ಸಾಕು ಎಂದು ಬಾಯಿ ನನ್ನನ್ನು ಕರೆಸಿದ್ದರು.

ಬೋರ್ಡು ತೊಳೆದು, ಒಣಗಿಸಿ, ತುಂಡಾದ ಕಡೆ ಬೆಸುಗೆ ಹಾಕಿ ಸ್ವಿಚ್ ಒತ್ತಿದೆ. ಪರದೆ ಹೊತ್ತಿಕೊಂಡಿತು. ಅದರಲ್ಲಿದ್ದ ತಾರೀಕು ೧೯೮೦ರ ಜನವರಿ ಒಂದು.

“ಬ್ಯಾಟರಿ ಇಲ್ಲದಿದ್ರೆ ಇದಕ್ಕೆ ದಿನ ನೆನಪಿರುವುದಿಲ್ಲ ಬಾಯಿ, ಯಾವಾಗಲೂ ಈ ತಾರೀಕಿನಿಂದಲೇ ಶುರು ಮಾಡ್ತದೆ. ಸರಿ ಮಾಡ್ತೇನೆ” ಎಂದು ಕೀಲಿಮಣೆಯ ಮೇಲೆ ಬೆರಳಿಟ್ಟೆ.

ಅವರು ನನ್ನ ಕೈ ಹಿಡಿದರು.

“ಸ್ವಲ್ಪ ಹಾಗೇ ಇರಲಿ. ಆ ವರ್ಷವೇ ಅವರು ನನ್ನನ್ನು ನೋಡ್ಲಿಕ್ಕೆ ಬಂದದ್ದು.”

ಕುರ್ಚಿ ಎಳೆದುಕೊಂಡು ಪರದೆಯ ಎದುರು ಕುಳಿತರು. ನಾನು ತಾರೀಕು ತಿದ್ದದೆ ಚೀಲ ಕಟ್ಟಿದೆ.

ಈಗಲೂ ರಿಪೇರಿಗೆ ಬಂದ ಕಂಪ್ಯೂಟರ್ ಹಳೆಯ ತಾರೀಕು ತೋರಿಸಿದರೆ, ತಿದ್ದುವ ಮೊದಲು ತಂದವರ ಮುಖ ನೋಡುತ್ತೇನೆ.