ಏಳನೇ ನಂಬರಿನ ವುಡ್

ಇದು ನಡೆದದ್ದು ಕಳೆದ ಡಿಸೆಂಬರಿನಲ್ಲಿ. ಆಫೀಸಿನ ಗಾಲ್ಫ್ ಪಂದ್ಯದಲ್ಲಿ ಮ್ಯಾನೇಜರೇ ನನ್ನ ಜೋಡಿ. ನಾನು ಹೊಡೆದರೆ ಚೆಂಡು ನೆಲ ಬಿಡುತ್ತಿರಲಿಲ್ಲ. ಅವರೆದುರು ಒಮ್ಮೆಯಾದರೂ ನನ್ನ ಚೆಂಡು ಮೈದಾನದ ಕೊಳ ದಾಟಬೇಕಿತ್ತು. ಹಿಂದಿನ ದಿನ ಕಸ್ಬಾ ಬಡಾವಣೆಯ ಗಾಲ್ಫ್ ಅಂಗಡಿಯಲ್ಲಿ, ಚೆಂಡನ್ನು ದೂರಕ್ಕೆ ಹೊಡೆಯುವ ಫೇರ್‌ವೇ ವುಡ್ ಎಂಬ ಕೋಲುಗಳಲ್ಲಿ ಮೂರನ್ನು ತೆಗೆದುಕೊಂಡು, ಅಲ್ಲಿ ಕಟ್ಟಿದ್ದ ಬಲೆಯತ್ತ ಒಂದೊಂದರಿಂದ ಹತ್ತತ್ತು ಚೆಂಡು ಹೊಡೆದು, ಪ್ರತಿಯೊಂದೂ ಎಷ್ಟು ಮೇಲೆದ್ದಿತೆಂದು ಬರೆದುಕೊಂಡೆ.

"ದಾದಾ, ಆಡ್ತೀರೋ, ಜನಗಣತಿ ಮಾಡ್ತೀರೋ?" ಎಂದರು ಅಂಗಡಿಯ ಯಜಮಾನರು. "ಏಳನೇ ನಂಬರ್ ತಗೊಳ್ಳಿ. ಚೆಂಡಿಗೆ ತಾಗುವ ಮುಖ ಹೆಚ್ಚು ಹಿಂದಕ್ಕೆ ವಾಲಿದೆ, ತಪ್ಪಾಗಿ ಹೊಡೆದರೂ ಚೆಂಡು ಮೇಲೇಳುತ್ತೆ."

"ನಮ್ಮ ಮ್ಯಾನೇಜರ್ ಹತ್ತಿರ ಮೂರನೇ ನಂಬರ್ ಇದೆ."

"ಅವರ ಚೆಂಡು ಮೇಲೇಳುತ್ತಾ?"

ನನ್ನ ಪಟ್ಟಿಯೂ ಏಳನ್ನೇ ಹೇಳುತ್ತಿತ್ತು. ಕೊಂಡೆ.

ಮರುದಿನ ನನ್ನ ಚೆಂಡು ಕೊಳ ದಾಟಿತು. ಮ್ಯಾನೇಜರದ್ದು ಮುಳುಗಿತು.

"ಒಂದ್ಸಲ ಕೊಡಿ, ನೋಡೋಣ" ಎಂದು ನನ್ನ ವುಡ್ ಇಸಕೊಂಡರು. ಅವರ ಎರಡನೇ ಚೆಂಡು ದಾಟಿತು. ಆಮೇಲೆ ವುಡ್ ಅವರ ಚೀಲದಲ್ಲೇ ಉಳಿಯಿತು.

ಆ ದಿನ ಅದರಿಂದ ನಾನು ಹೊಡೆದ ಹೊಡೆತ, ಒಂದು.