ಮೊಣಕೈಗಿಂತ ಆರು ಬೆರಳು ಮೇಲೆ

ಮನೆಯ ಹಿಂದಿನ ಕೋಣೆಯಲ್ಲಿ ಮರ ಕಡೆಯುವ ಲೇತ್ ಒಂದೇ, ವಾರಸುದಾರರು ಇಬ್ಬರು. ಬೆಳಗ್ಗೆ ಅಣ್ಣನ ಪಾಳಿ, ಮಧ್ಯಾಹ್ನದ ಮೇಲೆ ತಮ್ಮನದು. ಅಣ್ಣ ಅಪ್ಪನ ಹಾಗೆ ಆರಡಿ ಆಳು. ತಮ್ಮನನ್ನು ಹೆತ್ತ ತಾಯಿಯೇ ಗಿಡ್ಡ ಎಂದು ಕರೆದಿದ್ದಳು. ಐವತ್ತು ಸಮೀಪಿಸಿದರೂ ಆ ಹೆಸರು ಅವನನ್ನು ಬಿಟ್ಟಿರಲಿಲ್ಲ.

ಲೇತಿನಲ್ಲಿ ತಿರುಗುವ ಮರ, ಕಡೆಯುವವನ ಮೊಣಕೈ ಮಟ್ಟಕ್ಕಿರಬೇಕು. ಅಪ್ಪ ತನ್ನ ಮೊಣಕೈಗೆ ಹೊಂದಿಸಿ ಲೇತ್ ಕೂರಿಸಲು ಮರದ ಪೀಠ ಮಾಡಿಸಿದ್ದ. ಗಿಡ್ಡನಿಗೆ ಅದು ಆರು ಬೆರಳು ಮೇಲಾಗುತ್ತಿತ್ತು. ಹದಿನೆಂಟರ ವಯಸ್ಸಿನಲ್ಲಿ ಒಮ್ಮೆ ಹೇಳಿ ನೋಡಿದ. ಎತ್ತರ ಸಾಲದಿದ್ದರೆ ಕೈ ಎತ್ತು ಎಂದು ಅಪ್ಪ ಮಾತು ಮುಗಿಸಿದ. ಮೂವತ್ತು ವರ್ಷ ಗಿಡ್ಡ ರೆಕ್ಕೆ ಬಿಚ್ಚಿದ ಕೋಳಿಯಂತೆ ಮೊಣಕೈ ಎತ್ತಿಕೊಂಡೇ ಕುರ್ಚಿಯ ಕಾಲುಗಳನ್ನು ಕಡೆದ.

ಅಪ್ಪ ತೀರಿಕೊಂಡ ವರ್ಷ ಬಲಭುಜ ಹಿಡಿಯಿತು. ವೈದ್ಯೆ ಕೈಯನ್ನು ಅತ್ತಿತ್ತ ತಿರುಗಿಸಿ ನೋಡಿದಳು. ಭುಜದೊಳಗಿನ ಸ್ನಾಯು ಅರ್ಧ ಹರಿದಿದೆ, ಮೊಣಕೈ ಕೆಳಗಿಟ್ಟು ದುಡಿದರೆ ಈ ಕಸುಬು ಮುಂದುವರಿಸಬಹುದು, ಇಲ್ಲದಿದ್ದರೆ ಮರೆತುಬಿಡಿ ಎಂದಳು.

ಪೀಠದ ಕಾಲುಗಳನ್ನು ಕೊಯ್ಯೋಣವೇ ಎಂದು ಗಿಡ್ಡ ಅಣ್ಣನನ್ನು ಕೇಳಿದ. ಅಣ್ಣ ಕೈಯಲ್ಲಿದ್ದ ಲೋಟವನ್ನೂ ಕೆಳಗಿಡಲಿಲ್ಲ.

"ಅಪ್ಪ ಇಟ್ಟಿದ್ದು ಇಟ್ಟ ಹಾಗೇ ಇರ್ಲಿ. ಬೇಕಾದ್ರೆ ನೀನು ಬೆಳಿ."

ಒಳಗೆ ಅತ್ತಿಗೆ ನಕ್ಕದ್ದು ಕೇಳಿಸಿತು.

ಯಂತ್ರವನ್ನು ಮುಟ್ಟದೆ ಏನು ಮಾಡಬಹುದೋ ಅಷ್ಟನ್ನು ಗಿಡ್ಡ ಮಾಡಿಕೊಂಡ. ನಟ್ಟು ಬಿಗಿಯುವ ಪಾನಾ ತೆಗೆಯಲು ಪ್ರತಿ ಸಲ ಗೋಡೆಯ ಮೇಲಿನ ಮೊಳೆಗೆ ಕೈ ಚಾಚಬೇಕಿತ್ತು. ಹಳೆಯ ಸ್ಪೀಕರಿನ ಅಯಸ್ಕಾಂತವೊಂದನ್ನು ಲೇತಿನ ಹೊಟ್ಟೆಗೆ ಅಂಟಿಸಿ ಪಾನಾವನ್ನು ಅಲ್ಲಿಗಿಳಿಸಿದ. ಸ್ವಿಚ್ಚು ತಲೆಯ ಮಟ್ಟಕ್ಕಿತ್ತು. ಅದಕ್ಕೊಂದು ತಂತಿ ಬಿಗಿದು, ಕೆಳಗೆ ಮರದ ಪಟ್ಟಿ ಕೂರಿಸಿದ. ಮೊಣಕಾಲಿನಿಂದ ಪಟ್ಟಿ ದೂಡಿದರೆ ಯಂತ್ರ ನಿಲ್ಲುತ್ತಿತ್ತು. ಕೊನೆಗೆ ಹಳೆಯ ಹಸಿರು ಬಾಗಿಲಿನ ದಪ್ಪ ಹಲಗೆಗಳಿಂದ, ಲೇತಿನ ಉದ್ದಕ್ಕೂ ನಿಂತು ಸರಿಯಲು, ಆರು ಬೆರಳು ಎತ್ತರದ ಮಣೆ ಮಾಡಿದ.

ಆ ಸಂಜೆ ಅಂಗಿಯನ್ನು ತಾನೇ ಕಳಚಿಕೊಂಡ. ತಿಂಗಳುಗಳಿಂದ ಅದಕ್ಕೆ ಹೆಂಡತಿಯನ್ನು ಕರೆಯುತ್ತಿದ್ದ.

ಒಂಬತ್ತು ದಿನ ಹೀಗೆ ನಡೆಯಿತು. ಹತ್ತನೆಯ ಮಧ್ಯಾಹ್ನ ಮಣೆ ಇರಲಿಲ್ಲ. ಕಿಟಕಿಯ ಕಟ್ಟೆಯ ಮೇಲೆ ಡ್ರಾಯರುಗಳಿಗೆ ಹಾಕುವ ಗುಂಡು ಹಿಡಿಗಳು ಸಾಲಾಗಿ ಕೂತಿದ್ದವು. ಒಂದರ ಮೈಮೇಲೆ ಬಾಗಿಲಿನ ಹಸಿರು ಬಣ್ಣದ ಚೂರು ಇನ್ನೂ ಇತ್ತು.

"ಚೆನ್ನಾಗಿ ಒಣಗಿದ ಮರ ಕಣೋ," ಎಂದ ಅಣ್ಣ, ಕೈ ಒರೆಸಿಕೊಳ್ಳುತ್ತಾ. "ನೀನು ಸುಮ್ನೆ ಕಾಲ ಕೆಳಗೆ ಹಾಕ್ಕೊಂಡಿದ್ದೆ."

ಹೋಗಿ ಜಗಳ ಆಡಿ ಎಂದು ಹೆಂಡತಿ ಹೇಳಿದಳು. ಗಿಡ್ಡ ಆಡಲಿಲ್ಲ. ಮರುದಿನ ಕೊಡಬೇಕಾದ ಹನ್ನೆರಡು ಕಾಲುಗಳಿದ್ದವು. ಅವು ಮುಗಿಯಲಿ, ಆಮೇಲೆ ಬೇರೆ ಹಲಗೆ ಹುಡುಕಿದರಾಯಿತು ಎಂದುಕೊಂಡು ಮೊಣಕೈ ಎತ್ತಿದ. ಹನ್ನೊಂದನೆಯ ಕಾಲಿನ ನಡುವೆ ಭುಜದೊಳಗೆ ಬಟ್ಟೆ ಹರಿದಂಥ ಸದ್ದಾಯಿತು. ಲೇತಿನ ಗದ್ದಲದಲ್ಲಿ ಅದು ಅವನಿಗಷ್ಟೇ ಕೇಳಿಸಿತು. ಅರ್ಧ ಉಳಿದದ್ದನ್ನೂ ಹನ್ನೆರಡನೆಯದನ್ನೂ ಮರುದಿನ ಬೆಳಗ್ಗೆ ಅಣ್ಣ ಕಡೆದುಕೊಟ್ಟ. ಅದನ್ನು ವಾರವಿಡೀ ಬೀದಿಯಲ್ಲಿ ಹೇಳಿಕೊಂಡು ತಿರುಗಿದ.

ಅಲ್ಲಿಂದ ಗಿಡ್ಡನ ಪಾಲಿಗೆ ಬಂದದ್ದು ಎಡಗೈಯಲ್ಲಿ ಆಗುವ ಕೆಲಸ: ಅಣ್ಣ ಕಡೆದದ್ದಕ್ಕೆ ಉಜ್ಜುಕಾಗದ ತಿಕ್ಕುವುದು, ಹೊಟ್ಟು ಗುಡಿಸುವುದು.

ಮುಂದಿನ ವರ್ಷ ಅಣ್ಣನ ಸೊಂಟ ಹಿಡಿಯಿತು. ಇನ್ನು ಕೂತೇ ಕೆಲಸ ಮಾಡಬೇಕೆಂದು ಅದೇ ವೈದ್ಯೆ ಹೇಳಿದಳು. ಅಣ್ಣ ಎತ್ತರದ ಸ್ಟೂಲೊಂದನ್ನು ತಂದು, ಕೂತು ಅಳತೆ ನೋಡಿ, ಗರಗಸ ಹಿಡಿದು ಪೀಠದ ನಾಲ್ಕೂ ಕಾಲು ಕೊಯ್ದ. ತುಂಡುಗಳನ್ನು ಹೊರಗೆ ಹಾಕಿದವನು ಗಿಡ್ಡ. ಒಂದೊಂದೂ ಆರು ಬೆರಳು ಇತ್ತು. ಅಪ್ಪನ ಮಾತನ್ನು ಆ ದಿನ ಯಾರೂ ಎತ್ತಲಿಲ್ಲ.

"ಬಾರೋ ಗಿಡ್ಡ," ಎಂದ ಅಣ್ಣ ಸ್ಟೂಲಿನಿಂದಲೇ. "ಈಗ ನಿನ್ನ ಅಳತೆಗೇ ಇದೆ. ನಿಂತು ನೋಡು."

ಗಿಡ್ಡ ಪೊರಕೆ ಬದಿಗಿಟ್ಟು ಬಂದು ನಿಂತ. ಮೊಣಕೈ ತಾನಾಗಿ ಪಕ್ಕೆಗೆ ಒರಗಿತು. ತಿರುಗುವ ಮರ ಸರಿಯಾಗಿ ಅದರ ಮಟ್ಟದಲ್ಲಿತ್ತು. ಉಳಿ ತೆಗೆದುಕೊಂಡ. ಬೆರಳುಗಳು ಬಿಗಿದುಕೊಂಡವು, ಭುಜ ಬಿಗಿಯಲಿಲ್ಲ. ಮರಕ್ಕೆ ತಾಗಿದ್ದೇ ಉಳಿ ಸಿಕ್ಕಿಹಾಕಿಕೊಂಡು, ಅವನ ಕೈಯಿಂದ ಕಿತ್ತುಕೊಂಡು ಗೋಡೆಗೆ ಹಾರಿತು.

ಅಣ್ಣ ಕೂತಲ್ಲಿಂದಲೇ ಮೊಣಕಾಲಿನಿಂದ ಪಟ್ಟಿ ದೂಡಿದ. ಲೇತ್ ತಕ್ಷಣ ನಿಂತಿತು. ಅವನು ತಮ್ಮನ ಮುಖ ನೋಡಲಿಲ್ಲ, ಬಗ್ಗಿ ಪಟ್ಟಿಯನ್ನು ನೋಡಿದ.

"ಇದೊಂದು ಚೆನ್ನಾಗಿ ಮಾಡಿದೀಯ ಕಣೋ," ಎಂದ.

ಹುಟ್ಟಿದಾಗಿನಿಂದ ಅಣ್ಣನ ಬಾಯಲ್ಲಿ ಅವನು ಕೇಳಿದ ಮೊದಲ ಹೊಗಳಿಕೆ ಅದು. ಆಮೇಲೆ ಅಣ್ಣ ಉಳಿ ಎತ್ತಿಕೊಡಲು ಹೇಳಿದ. ಗಿಡ್ಡ ಅದನ್ನು ಎಡಗೈಯಲ್ಲಿ ಎತ್ತಿಕೊಟ್ಟ.